ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಆರಂಭ

ಹಳ್ಳಿಯ ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕವನ್ನು ನೀವು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಅವಕಾಶ ಸಿಕ್ಕರೆ ನೋಡಿ. ನಡುವೆಯೇ ಶಾಲೆ ಬಿಟ್ಟ ಮಗುವೊಂದರ ಹೆಸರು ಹುಡುಕಿ, ಆ ಹೆಸರಿನ ಮುಂದಿನ ಗುರುತುಗಳನ್ನು ಜೂನ್ ತಿಂಗಳಿನಿಂದ ಓದಿಕೊಂಡು ಬನ್ನಿ. ಮೊದಲ ತಿಂಗಳು ಮಗು ಹೆಚ್ಚುಕಡಿಮೆ ದಿನವೂ ಬಂದಿರುತ್ತದೆ. ಅನಂತರ ವಾರಕ್ಕೊಂದು ಗೈರು. ಬಹುಶಃ ಅದು ಸಂತೆಯ ದಿನ. ಸುಗ್ಗಿಯ ಕಾಲಕ್ಕೆ ಒಂದು ವಾರ ಪೂರ್ತಿ ಇಲ್ಲ. ಮರಳಿ ಬಂದ ಮೇಲೆ ಎರಡು ದಿನ ಹಾಜರಿ, ಮೂರು ದಿನ ಗೈರು. ಕೊನೆಗೆ ಇಡೀ ಸಾಲು ಖಾಲಿ. ಅದರ ಮೇಲೊಂದು ಕೆಂಪು ಗೆರೆ.

ಶಾಲೆ ಬಿಡುವುದು ಒಂದು ದಿನದಲ್ಲಿ ನಡೆದುಹೋಗುವ ಘಟನೆಯಲ್ಲ ಎಂಬುದನ್ನು ಈ ಸಾಲು ನಮಗೆ ಹೇಳುತ್ತದೆ. ಅದು ತಿಂಗಳುಗಟ್ಟಲೆ ನಡೆಯುವ ಕ್ರಿಯೆ. ಕೆಂಪು ಗೆರೆ ಬೀಳುವ ಹೊತ್ತಿಗೆ ಮಗು ಮನಸ್ಸಿನಲ್ಲಿ ಶಾಲೆ ಬಿಟ್ಟು ಎಷ್ಟೋ ದಿನಗಳಾಗಿರುತ್ತವೆ.

ನಮ್ಮ ಸಂವಾದ ಕಾರ್ಯಕ್ರಮದಲ್ಲಿ ಶಿಕ್ಷಣದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ‘ಶಾಲೆ ಇದೆ, ಪುಸ್ತಕ ಕೊಡುತ್ತಾರೆ, ಊಟ ಹಾಕುತ್ತಾರೆ, ಆದರೂ ಮಕ್ಕಳು ಏಕೆ ಬಿಡುತ್ತಾರೆ?’ ಅರ್ಧ ಗಂಟೆಯ ಮಾತುಕತೆಯಲ್ಲಿ ಇದಕ್ಕೆ ಪೂರ್ತಿ ಉತ್ತರ ಸಿಗುವುದಿಲ್ಲ. ಆದ್ದರಿಂದ ಈ ಪುಟಗಳಲ್ಲಿ ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಜೊತೆಗೆ, ಬಿಟ್ಟುಹೋಗುವ ಅಂಚಿನಲ್ಲಿರುವ ಮಗುವನ್ನು ಹಿಡಿದು ನಿಲ್ಲಿಸಲೆಂದೇ ರೂಪುಗೊಂಡ ಬೇರೆ ಬಗೆಯ ಶಾಲೆಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನೂ ತಿಳಿಯೋಣ.

ಎರಡು ಬಗೆಯ ಕಾರಣಗಳು

ಶಾಲೆ ಬಿಡುವುದಕ್ಕೆ ಶಾಲೆಯ ಹೊರಗಿನ ಕಾರಣಗಳು ಕೆಲವು, ಒಳಗಿನ ಕಾರಣಗಳು ಕೆಲವು.

ಹೊರಗಿನವು ನಮಗೆಲ್ಲ ಗೊತ್ತಿರುವಂಥವೇ. ಬಡತನ, ಕೂಲಿಗಾಗಿ ಗುಳೆ ಹೋಗುವುದು, ಮನೆಯಲ್ಲಿ ಚಿಕ್ಕ ಮಗುವನ್ನು ನೋಡಿಕೊಳ್ಳಬೇಕಾದ ಹೊಣೆ, ಹೆಣ್ಣುಮಕ್ಕಳಿಗೆ ದೂರದ ಶಾಲೆಯ ದಾರಿ, ಬಾಲ್ಯವಿವಾಹ, ತಂದೆಯ ಕುಡಿತ, ತಾಯಿಯ ಕಾಯಿಲೆ. ಇವನ್ನು ಪಟ್ಟಿ ಮಾಡಿ ‘ಪಾಲಕರಿಗೆ ಆಸಕ್ತಿಯಿಲ್ಲ’ ಎಂದು ಷರಾ ಬರೆದರೆ ಶಾಲೆಯ ಜವಾಬ್ದಾರಿ ಮುಗಿದಂತೆ ಕಾಣುತ್ತದೆ.

ಒಳಗಿನ ಕಾರಣಗಳು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಸಾಮಾನ್ಯ ತರಗತಿಯ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ದಿನ ಒಂದೇ ಪಾಠ. ಬಸ್ಸು ನಿಗದಿತ ವೇಳೆಗೆ ಹೊರಡುತ್ತದೆ, ಹತ್ತದವರು ಉಳಿಯುತ್ತಾರೆ. ಮೂರು ವಾರ ತಪ್ಪಿಸಿಕೊಂಡ ಮಗು ಹಿಂದಿರುಗಿದಾಗ ಪುಸ್ತಕ ಇಪ್ಪತ್ತು ಪುಟ ಮುಂದೆ ಸಾಗಿರುತ್ತದೆ. ಆ ಇಪ್ಪತ್ತು ಪುಟಗಳನ್ನು ಯಾರೂ ಅದಕ್ಕಾಗಿ ಮತ್ತೆ ತೆರೆಯುವುದಿಲ್ಲ. ಕೂಡುವುದು ಬಾರದಿದ್ದರೆ ಗುಣಿಸುವುದು ಬಾರದು, ಗುಣಿಸುವುದು ಬಾರದಿದ್ದರೆ ಭಾಗಿಸುವುದು ಬಾರದು. ಒಂದು ಕೊಂಡಿ ಕಳಚಿದರೆ ಮುಂದಿನ ಪಾಠಗಳೆಲ್ಲ ಸದ್ದಾಗಿ ಮಾತ್ರ ಕಿವಿಗೆ ಬೀಳುತ್ತವೆ.

ಇಲ್ಲಿ ನನ್ನದೇ ಒಂದು ನೆನಪನ್ನು ಹೇಳಬೇಕಾಗಿದೆ. ನಾಲ್ಕನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗನ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಹಗಲಿರುಳು ಸೊಪ್ಪು ಬೇಕು. ಆಗ ಅವನು ಶಾಲೆಗೆ ಬರುತ್ತಿರಲಿಲ್ಲ. ಒಂದು ಸಲ ಹಾಗೆ ಹೋಗಿ ಬಂದಾಗ ತರಗತಿಯಲ್ಲಿ ಭಿನ್ನರಾಶಿ ಶುರುವಾಗಿತ್ತು. ಮೇಷ್ಟರು ಅವನನ್ನು ಬೋರ್ಡಿನ ಬಳಿಗೆ ಕರೆದರು. ಅವನು ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತ. ತರಗತಿ ನಕ್ಕಿತು. ನಕ್ಕವರಲ್ಲಿ ನಾನೂ ಒಬ್ಬ. ಮಾರನೆಯ ದಿನದಿಂದ ಅವನು ಬರಲಿಲ್ಲ. ಗೂಡಿನ ಮಾರುಕಟ್ಟೆಯಲ್ಲಿ ತೂಕ ಮತ್ತು ದರದ ಲೆಕ್ಕವನ್ನು ಬಾಯಲ್ಲೇ ಹೇಳಬಲ್ಲ ಹುಡುಗ ಅವನು. ನನಗಾಗ ಅದು ಕಾಗದದ ಮೇಲೂ ಕಷ್ಟವಾಗಿತ್ತು. ಆದರೆ ನಾನು ಬಿ.ಎಸ್ಸಿ. ಓದಿದೆ, ಅವನು ಐದನೆಯದನ್ನೂ ನೋಡಲಿಲ್ಲ. ಅವನು ಶಾಲೆ ಬಿಟ್ಟದ್ದು ರೇಷ್ಮೆಯಿಂದಲೋ ಭಿನ್ನರಾಶಿಯಿಂದಲೋ ಎಂದು ಕೇಳಿದರೆ, ಎರಡೂ ಕೂಡಿದ ಆ ಒಂದು ಬೆಳಗಿನಿಂದ ಎನ್ನಬೇಕಾಗುತ್ತದೆ.

ಹೊರಗಿನ ಕಾರಣ ಮಗುವನ್ನು ಶಾಲೆಯಿಂದ ಸ್ವಲ್ಪ ಕಾಲ ದೂರವಿಡುತ್ತದೆ. ಒಳಗಿನ ಕಾರಣ ಅದು ಮರಳಿ ಬರದಂತೆ ಮಾಡುತ್ತದೆ. ಪರ್ಯಾಯ ಶಾಲೆಗಳು ಹಿಡಿದ ಎಳೆ ಇದೇ.

ಕೋಲಾರ ಜಿಲ್ಲೆಯ ಒಂದು ಹಳ್ಳಿಯಿಂದ

ಈ ಕಥೆ ನಮ್ಮ ನಾಡಿನಿಂದಲೇ ಆರಂಭವಾಗುತ್ತದೆ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆಯ ಸೇವೆಯಲ್ಲಿ ಭಾರತಕ್ಕೆ ಬಂದ ಡೇವಿಡ್ ಹಾರ್ಸ್‌ಬರೋ ಎಂಬವರು ಮುಂದೆ ಈ ದೇಶದಲ್ಲೇ ಶಿಕ್ಷಕರಾಗಿ ನೆಲೆಸಿದರು. 1972ರಲ್ಲಿ ಅವರು ಕೋಲಾರ ಜಿಲ್ಲೆಯ ರಾಯಲ್ಪಾಡಿನ ಬಳಿ ‘ನೀಲ್‌ಬಾಗ್’ ಎಂಬ ಸಣ್ಣ ಶಾಲೆಯನ್ನು ತೆರೆದರು. ಸುತ್ತಮುತ್ತಲ ಬಡ ಕುಟುಂಬಗಳ ಮಕ್ಕಳೇ ಅಲ್ಲಿನ ವಿದ್ಯಾರ್ಥಿಗಳು.

ಅಲ್ಲಿ ಪರೀಕ್ಷೆ ಇರಲಿಲ್ಲ, ರ‍್ಯಾಂಕು ಇರಲಿಲ್ಲ. ಬಹುಮಾನವೂ ಇಲ್ಲ, ಶಿಕ್ಷೆಯೂ ಇಲ್ಲ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕುಳಿತು, ತಮ್ಮ ತಮ್ಮ ಹೆಜ್ಜೆಯಲ್ಲಿ ಕಲಿಯುತ್ತಿದ್ದರು. ಓದು-ಬರಹದ ಜೊತೆಯಲ್ಲೇ ಕೈಕೆಲಸವೂ ನಡೆಯುತ್ತಿತ್ತು. ಶಿಕ್ಷಕರಿಗೆ ತರಬೇತಿಯನ್ನೂ ಹಾರ್ಸ್‌ಬರೋ ಅವರು ನೀಡುತ್ತಿದ್ದರು. 1984ರಲ್ಲಿ ಅವರು ತೀರಿಕೊಂಡರು. ಆದರೆ ಅಲ್ಲಿ ತರಬೇತಾದವರು ಆ ವಿಚಾರವನ್ನು ಬೇರೆ ಊರುಗಳಿಗೆ ಕೊಂಡೊಯ್ದರು.

ಹಾಗೆ ಕೊಂಡೊಯ್ದವರಲ್ಲಿ ವೈ.ಎ. ಪದ್ಮನಾಭರಾವ್ ಮತ್ತು ರಮಾ ದಂಪತಿ ಮುಖ್ಯರು. ಗಡಿಯಾಚೆ, ಆಂಧ್ರದ ಮದನಪಲ್ಲಿಯ ಬಳಿ ಇರುವ ಋಷಿವ್ಯಾಲಿಯ ಸುತ್ತಲಿನ ಹಳ್ಳಿಗಳಲ್ಲಿ 1980ರ ದಶಕದಲ್ಲಿ ಅವರು ಸಣ್ಣ ಶಾಲೆಗಳ ಸಮೂಹವೊಂದನ್ನು ಕಟ್ಟಿದರು. ಅಲ್ಲಿನ ತೊಡಕು ನಮ್ಮ ಹಳ್ಳಿಗಳ ತೊಡಕೇ: ಒಬ್ಬರೇ ಶಿಕ್ಷಕರು, ಒಂದೇ ಕೋಣೆ, ನಾಲ್ಕೈದು ತರಗತಿಯ ಮಕ್ಕಳು. ಪಠ್ಯಪುಸ್ತಕವನ್ನು ಹಿಡಿದು ಹೊರಟರೆ ಒಂದು ತರಗತಿಗೆ ಪಾಠ ನಡೆಯುವಾಗ ಉಳಿದ ತರಗತಿಗಳು ಸುಮ್ಮನೆ ಕೂರಬೇಕು. ಅದಕ್ಕೆ ಅವರು ಕಂಡುಕೊಂಡ ಉಪಾಯ, ಪುಸ್ತಕವನ್ನೇ ಬಿಡಿಸಿ ಕಾರ್ಡುಗಳನ್ನಾಗಿ ಮಾಡುವುದು. ಪ್ರತಿ ಕಾರ್ಡಿನಲ್ಲೂ ಒಂದು ಸಣ್ಣ ಚಟುವಟಿಕೆ. ಕಾರ್ಡುಗಳನ್ನು ಕ್ರಮವಾಗಿ ಜೋಡಿಸಿದರೆ ಅದೊಂದು ಏಣಿ. ಇಡೀ ಶಾಲೆಯ ಪಾಠ ಒಂದು ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದುದರಿಂದ ಅದಕ್ಕೆ ‘ಪೆಟ್ಟಿಗೆಯೊಳಗಿನ ಶಾಲೆ’ ಎಂಬ ಅರ್ಥದ ಹೆಸರೇ ಬಂತು.

ಹೆಗ್ಗಡದೇವನಕೋಟೆಯ ಪ್ರಯೋಗ

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು, ಯುನಿಸೆಫ್ ನೆರವಿನೊಂದಿಗೆ, ಋಷಿವ್ಯಾಲಿಯ ಈ ಶಾಲೆಗಳನ್ನು ನೋಡಿ ಬಂದರು. ನೋಡಿದ್ದನ್ನು ಹಾಗೆಯೇ ನಕಲು ಮಾಡಲಿಲ್ಲ. ತಮ್ಮ ಮಕ್ಕಳಿಗೆ ಬೇಕಾದ ಕಾರ್ಡುಗಳನ್ನು ಕನ್ನಡದಲ್ಲಿ, ತಮ್ಮ ಸೀಮೆಯ ಹಾಡು, ಒಗಟು, ಆಟಗಳನ್ನು ಸೇರಿಸಿ ತಾವೇ ಕುಳಿತು ಬರೆದರು. ಹೀಗೆ ಹುಟ್ಟಿದ್ದು ‘ನಲಿ-ಕಲಿ’.

ಕೋಟೆ ತಾಲ್ಲೂಕನ್ನು ಬಲ್ಲವರಿಗೆ ಈ ಪ್ರಯೋಗ ಅಲ್ಲಿ ಏಕೆ ಬೇಕಾಗಿತ್ತು ಎಂಬುದು ತಿಳಿದೀತು. ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ಕಬಿನಿಯ ಹಿನ್ನೀರು. ಜೇನುಕುರುಬರ, ಕಾಡುಕುರುಬರ ಹಾಡಿಗಳು. ಕಾಫಿ ಹಣ್ಣಾಗುವ ಕಾಲಕ್ಕೆ ಕುಟುಂಬಗಳು ಕೂಲಿಗಾಗಿ ಕೊಡಗಿನ ತೋಟಗಳ ಕಡೆಗೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಇಂಥ ಕಡೆ, ವರ್ಷದ ಇನ್ನೂರು ಚಿಲ್ಲರೆ ದಿನವೂ ಮಗು ತಪ್ಪದೆ ಬರುತ್ತದೆ ಎಂದು ನಂಬಿ ಬರೆದ ಪಠ್ಯಪುಸ್ತಕ ಹೇಗೆ ತಾನೇ ಕೆಲಸ ಮಾಡೀತು?

ನಲಿ-ಕಲಿ ತರಗತಿಗೆ ಕಾಲಿಟ್ಟರೆ ಮೊದಲು ಕಾಣುವುದು ಮಕ್ಕಳು ಸಾಲಾಗಿ ಕೂತಿಲ್ಲ ಎಂಬುದು. ಅವರು ಗುಂಪು ಗುಂಪಾಗಿ ಕುಳಿತಿರುತ್ತಾರೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವಂತೆ ಕಪ್ಪುಹಲಗೆ. ಮೇಲೆ ಹಗ್ಗ ಕಟ್ಟಿ ಮಕ್ಕಳು ಬರೆದ ಚಿತ್ರ, ಬರಹಗಳನ್ನು ತೂಗುಹಾಕಿರುತ್ತಾರೆ. ಅದಕ್ಕೆ ಕಲಿಕಾ ಚಪ್ಪರ ಎಂದು ಹೆಸರು. ಗೋಡೆಯ ಮೇಲೆ ಕಲಿಕಾ ಏಣಿ. ಏಣಿಯಲ್ಲಿ ಅಲ್ಲಲ್ಲಿ ಮೈಲಿಗಲ್ಲುಗಳು. ಪ್ರತಿ ಚಟುವಟಿಕೆಗೂ ಪ್ರಾಣಿಯದೋ ಪಕ್ಷಿಯದೋ ವಾಹನದ್ದೋ ಒಂದು ಚಿತ್ರದ ಗುರುತು. ಓದಲು ಬಾರದ ಮಗುವೂ ಆ ಗುರುತನ್ನು ನೋಡಿ ‘ನನ್ನದು ಇಲ್ಲಿದೆ’ ಎಂದು ತನ್ನ ಕಾರ್ಡನ್ನು ತಾನೇ ಎತ್ತಿಕೊಳ್ಳಬಲ್ಲದು.

ಗುಂಪುಗಳ ಹಂಚಿಕೆಯಲ್ಲಿ ಒಂದು ಲೆಕ್ಕಾಚಾರವಿದೆ. ಹೊಸ ವಿಷಯ ಕಲಿಯುವ ಮಕ್ಕಳದು ಶಿಕ್ಷಕರ ಪೂರ್ಣ ನೆರವಿನ ಗುಂಪು. ಸ್ವಲ್ಪ ಕಲಿತವರು ಶಿಕ್ಷಕರ ಭಾಗಶಃ ನೆರವಿನ ಗುಂಪಿಗೆ ಬರುತ್ತಾರೆ. ಮುಂದೆ ಸಹಪಾಠಿಗಳ ನೆರವಿನ ಗುಂಪುಗಳು. ಕೊನೆಯದು ತಾನೇ ಕಲಿಯುವ ಗುಂಪು. ಶಾಲೆಯ ದಿನದಲ್ಲಿ ಪಾಠಕ್ಕೆ ಐದು ಗಂಟೆ, ಅಂದರೆ 300 ನಿಮಿಷ ಸಿಗುತ್ತದೆ ಎಂದುಕೊಳ್ಳೋಣ. ಮಕ್ಕಳು 30. ಸಮನಾಗಿ ಹಂಚಿದರೆ ಒಂದು ಮಗುವಿಗೆ ಶಿಕ್ಷಕರ 10 ನಿಮಿಷ. ಎಲ್ಲರಿಗೂ ಒಂದೇ ಪಾಠ ಹೇಳಿದರೆ ಯಾರಿಗೂ ಆ 10 ನಿಮಿಷವೂ ದಕ್ಕುವುದಿಲ್ಲ. ಗುಂಪು ಮಾಡಿದಾಗ, ಯಾರಿಗೆ ಶಿಕ್ಷಕರು ಬೇಕೇ ಬೇಕೋ ಅವರ ಬಳಿ ಶಿಕ್ಷಕರು ಹೆಚ್ಚು ಹೊತ್ತು ಕೂರಬಹುದು. ಉಳಿದವರು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಹೇಳಿಕೊಡುವ ಮಗುವಿಗೂ ವಿಷಯ ಗಟ್ಟಿಯಾಗುತ್ತದೆ.

‘ಅರಸರ ದಸರ’

ನಲಿ-ಕಲಿಯಲ್ಲಿ ಅಕ್ಷರ ಕಲಿಸುವ ಕ್ರಮವನ್ನು ನೋಡಿ ಹಿರಿಯರು ಹುಬ್ಬೇರಿಸಿದ್ದುಂಟು. ‘ಅ ಆ ಇ ಈ’ ಬದಲು ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಇದೇನು ಅಡ್ಡಾದಿಡ್ಡಿ ಎನಿಸಬಹುದು. ಸ್ವಲ್ಪ ಯೋಚಿಸಿ. ವರ್ಣಮಾಲೆಯ ಮೊದಲ ಐದು ಅಕ್ಷರ ಕಲಿತ ಮಗು ಅವುಗಳಿಂದ ಏನು ಬರೆಯಬಲ್ಲದು? ‘ಆ’, ‘ಈ’ ಎಂದು ಬೆರಳು ತೋರಿಸಬಹುದಷ್ಟೆ. ಸ್ವರಗಳೆಲ್ಲ ಮುಗಿದು ವ್ಯಂಜನ ಬರುವವರೆಗೆ ಮಗು ಕಾಯಬೇಕು. ಅಷ್ಟು ದಿನವೂ ಅಕ್ಷರಕ್ಕೂ ಅರ್ಥಕ್ಕೂ ಸಂಬಂಧವೇ ಇರುವುದಿಲ್ಲ.

ರ, ಗ, ಸ, ದ, ಅ ಕಲಿತ ಮಗು ಅದೇ ವಾರ ಸರ, ದರ, ಅಗಸ, ಅರಸ, ಗರಗಸ ಎಂದು ಬರೆಯಬಲ್ಲದು. ಮೈಸೂರು ಸೀಮೆಯ ಮಗುವಾದರೆ ‘ಅರಸರ ದಸರ’ ಎಂದೂ ಬರೆದೀತು. ಐದೇ ಅಕ್ಷರ, ಅಷ್ಟರಲ್ಲಿ ಓದಿದ ಅನುಭವ. ನಾಳೆ ಬರಲೋ ಬೇಡವೋ ಎಂದು ತೂಗುತ್ತಿರುವ ಮಗುವಿಗೆ ಇಂದು ಸಂಜೆ ಮನೆಯಲ್ಲಿ ತೋರಿಸಲು ಒಂದು ಪದ ಸಿಕ್ಕಿತೆಂದರೆ ಅದು ಸಣ್ಣ ಸಂಗತಿಯಲ್ಲ.

ಎರಡು ತಿಂಗಳ ಗೈರು

ಈಗ ಮುಖ್ಯ ವಿಷಯಕ್ಕೆ ಬರೋಣ. ಏಳು ವರ್ಷದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಮಾದೇವಿ ಎಂದು ಕರೆಯೋಣ. ಡಿಸೆಂಬರಿನಲ್ಲಿ ಅವಳು ಅಪ್ಪ ಅವ್ವನ ಜೊತೆ ಕೊಡಗಿಗೆ ಹೋದಳು. ತೋಟದ ಲೈನಿನಲ್ಲಿ ತಮ್ಮನನ್ನು ಆಡಿಸಿಕೊಂಡು ಎರಡು ತಿಂಗಳು ಕಳೆದಳು. ಫೆಬ್ರವರಿಯಲ್ಲಿ ಮರಳಿ ಬಂದಳು.

ಸಾಮಾನ್ಯ ತರಗತಿಯಾದರೆ ಅವಳ ಕಥೆ ನನ್ನ ಗೆಳೆಯನ ಕಥೆಯೇ. ನಲಿ-ಕಲಿ ತರಗತಿಯಲ್ಲಿ ಅವಳು ಹೋಗುವ ಮೊದಲು ಏಣಿಯ ಯಾವ ಮೆಟ್ಟಿಲಲ್ಲಿದ್ದಳು ಎಂಬುದು ಪ್ರಗತಿ ನೋಟದಲ್ಲಿ ದಾಖಲಾಗಿರುತ್ತದೆ. ಅವಳು ಅದೇ ಮೆಟ್ಟಿಲಿನ ಕಾರ್ಡನ್ನು ಎತ್ತಿಕೊಳ್ಳುತ್ತಾಳೆ. ಮರೆತಿದ್ದರೆ ಎರಡು ಮೆಟ್ಟಿಲು ಇಳಿದು ಮತ್ತೆ ಹತ್ತುತ್ತಾಳೆ. ಪಕ್ಕದವಳು ಮುಂದೆ ಹೋಗಿದ್ದಾಳೆ, ನಿಜ. ಆದರೆ ಆ ಕೋಣೆಯಲ್ಲಿ ಎಲ್ಲರೂ ಬೇರೆ ಬೇರೆ ಮೆಟ್ಟಿಲಲ್ಲಿ ಇರುವುದರಿಂದ ಹಿಂದೆ ಉಳಿದದ್ದು ಯಾರ ಕಣ್ಣಿಗೂ ರಾಚುವುದಿಲ್ಲ. ಬೋರ್ಡಿನ ಬಳಿ ಒಂಟಿಯಾಗಿ ನಿಲ್ಲಿಸಿ ನಗುವ ಪ್ರಸಂಗವೇ ಬರುವುದಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಸಂಗತಿ ನೆನಪಿರಬಹುದು. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಚಲಿಸುತ್ತಿರುವುದನ್ನು ಚಲಿಸುತ್ತಲೇ ಇಡಲು ಬೇಕಾದ ಬಲಕ್ಕಿಂತ ಹೆಚ್ಚು. ಕೆಟ್ಟು ನಿಂತ ಲಾರಿಯನ್ನು ತಳ್ಳಿದವರಿಗೆ ಪುಸ್ತಕ ಓದದೆಯೂ ಇದು ಗೊತ್ತು. ಮಕ್ಕಳ ವಿಷಯದಲ್ಲೂ ಹಾಗೆಯೇ. ಪೂರ್ತಿ ನಿಂತುಹೋದ ಮೇಲೆ ತಳ್ಳುವುದಕ್ಕಿಂತ, ನಿಧಾನವಾಗಿಯಾದರೂ ಚಲನೆಯಲ್ಲಿ ಇಡುವುದು ಸುಲಭ. ಏಣಿಯ ಲಾಭ ಇಲ್ಲಿದೆ.

ಈ ಪದ್ಧತಿ ಕ್ರಮೇಣ ಬೇರೆ ತಾಲ್ಲೂಕುಗಳಿಗೂ ಹರಡಿತು. 2009–10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಆರಂಭಿಕ ತರಗತಿಗಳಿಗೆ ಅದನ್ನು ವಿಸ್ತರಿಸಲಾಯಿತು. ಕೋಲಾರದ ಹಳ್ಳಿಯೊಂದರಲ್ಲಿ ಒಬ್ಬ ಶಿಕ್ಷಕರು ಹಿಡಿದ ದೀಪ ಗಡಿ ದಾಟಿ, ಮತ್ತೆ ಗಡಿ ದಾಟಿ ನಾಡಿನ ತರಗತಿಗಳಿಗೆ ಬಂದಂತಾಯಿತು.

ಈಗಾಗಲೇ ಬಿಟ್ಟವರಿಗೆ

ಹತ್ತು-ಹನ್ನೆರಡು ವರ್ಷವಾಗಿದೆ, ಅಕ್ಷರ ಬಾರದು ಅಥವಾ ಮರೆತಿದೆ. ಇಂಥ ಮಗುವನ್ನು ಒಂದನೇ ತರಗತಿಯ ಚಿಕ್ಕ ಮಕ್ಕಳ ನಡುವೆ ಕೂರಿಸಿದರೆ ನಾಲ್ಕೇ ದಿನದಲ್ಲಿ ನಾಚಿ ಹೊರಟುಹೋಗುತ್ತದೆ. ನೇರವಾಗಿ ಐದನೆಯದರಲ್ಲಿ ಕೂರಿಸಿದರೆ ಏನೂ ತಿಳಿಯದೆ ಹೋಗುತ್ತದೆ. ಇದಕ್ಕೆ ಬೇಕಾದುದು ಸೇತುವೆ.

ಈ ಸೇತುಬಂಧದ ವಿಚಾರವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಹೈದರಾಬಾದಿನ ಸುತ್ತಲ ರಂಗಾರೆಡ್ಡಿ ಜಿಲ್ಲೆಯಲ್ಲಿ ಕೆಲಸ ಮಾಡಿದ ಎಂ. ವೆಂಕಟರಂಗಯ್ಯ ಪ್ರತಿಷ್ಠಾನ. ಅದರ ಹಿಂದಿನ ಶಕ್ತಿ ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಶಾಲೆಯ ಹೊರಗಿರುವ ಪ್ರತಿ ಮಗುವೂ ದುಡಿಯುವ ಮಗುವೇ ಎಂಬುದು ಅವರ ನಿಲುವು. ದನ ಕಾಯುವ ಹುಡುಗನಾಗಲಿ, ಮನೆಯಲ್ಲಿ ತಂಗಿಯನ್ನು ಎತ್ತಿಕೊಂಡಿರುವ ಹುಡುಗಿಯಾಗಲಿ ಅದಕ್ಕೆ ಹೊರತಲ್ಲ. ಮಕ್ಕಳನ್ನು ಕೆಲಸದಿಂದ ಬಿಡಿಸಿ ಕೆಲವು ತಿಂಗಳ ಕಾಲ ವಸತಿ ಶಿಬಿರದಲ್ಲಿ ಇಟ್ಟುಕೊಂಡು, ವಯಸ್ಸಿಗೆ ತಕ್ಕ ತರಗತಿಗೆ ಸಿದ್ಧಗೊಳಿಸಿ, ಸರ್ಕಾರಿ ಶಾಲೆಗೇ ಸೇರಿಸುತ್ತಿದ್ದರು. ದೊಡ್ಡ ಮಗು ಚಿಕ್ಕ ಮಗುವಿಗಿಂತ ಬೇಗ ಕಲಿಯುತ್ತದೆ. ಸಂತೆಯ ಲೆಕ್ಕ, ದಾರಿ, ಜನ, ಮಾತು ಎಲ್ಲ ಅದಕ್ಕೆ ಆಗಲೇ ಗೊತ್ತು. ಬಾರದ್ದು ಬರಹ ಮಾತ್ರ. ಆದ್ದರಿಂದ ಐದು ವರ್ಷದ ಪಾಠಕ್ಕೆ ಐದು ವರ್ಷವೇ ಬೇಕಾಗುವುದಿಲ್ಲ.

ಕರ್ನಾಟಕದಲ್ಲಿಯೂ ‘ಚಿನ್ನರ ಅಂಗಳ’ ಎಂಬ ಹೆಸರಿನ ಸೇತುಬಂಧ ಶಿಬಿರಗಳು, ‘ಬಾ ಮರಳಿ ಶಾಲೆಗೆ’, ‘ಕೂಲಿಯಿಂದ ಶಾಲೆಗೆ’ ಎಂಬ ಕಾರ್ಯಕ್ರಮಗಳು ನಡೆದಿವೆ. ಕಟ್ಟಡ ಕೆಲಸಕ್ಕೆ ವಲಸೆ ಬಂದವರ ಮಕ್ಕಳಿಗಾಗಿ ಟೆಂಟ್ ಶಾಲೆಗಳು ನಡೆದಿವೆ. ಮಗು ಶಾಲೆಗೆ ಬರಲಾರದಿದ್ದರೆ ಶಾಲೆಯೇ ಮಗುವಿದ್ದಲ್ಲಿಗೆ ಹೋಗಲಿ ಎಂಬುದು ಅದರ ಸೂತ್ರ. ಹೆಣ್ಣುಮಕ್ಕಳಿಗಾಗಿ 2004ರಿಂದ ಕಸ್ತೂರಬಾ ಗಾಂಧಿ ಬಾಲಿಕಾ ವಸತಿ ವಿದ್ಯಾಲಯಗಳು ಬಂದವು.

ಕಾನೂನು ಏನು ಹೇಳುತ್ತದೆ?

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಈ ಅನುಭವಗಳಿಗೆ ಕಾನೂನಿನ ಬಲ ಕೊಟ್ಟಿತು. ಪಾಲಕರು ತಿಳಿದಿರಬೇಕಾದ ಕೆಲವು ಅಂಶಗಳಿವೆ. ಆರು ವರ್ಷ ದಾಟಿದ, ಶಾಲೆಗೆ ಸೇರದ ಅಥವಾ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಇತರರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವುದು ಆ ಮಗುವಿನ ಹಕ್ಕು. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಅದು ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ. ಜನನ ಪ್ರಮಾಣಪತ್ರ ಇಲ್ಲವೆಂದು, ವರ್ಗಾವಣೆ ಪತ್ರ ತಡವಾಯಿತೆಂದು, ವರ್ಷದ ನಡುವೆ ಬಂದರೆಂದು ಪ್ರವೇಶ ನಿರಾಕರಿಸುವಂತಿಲ್ಲ. ಹದಿನಾಲ್ಕು ತುಂಬಿದರೂ ಎಂಟನೇ ತರಗತಿ ಮುಗಿಯುವವರೆಗೆ ಶಿಕ್ಷಣ ಉಚಿತ. ಹೊಡೆಯುವುದು, ಮಾನಸಿಕ ಹಿಂಸೆ ಕೊಡುವುದು ನಿಷಿದ್ಧ.

2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಆ ಬಳಿಕ, ಸಕಾರಣವಿಲ್ಲದೆ ಸತತ 7 ದಿನ ಗೈರಾದ ಮಗುವಿನ ಬಗ್ಗೆ ವಿಚಾರಿಸಬೇಕು ಎಂಬ ಅಳತೆ ರಾಜ್ಯದಲ್ಲಿ ಬಂತು. ಆರಂಭದಲ್ಲಿ ಹೇಳಿದ ಹಾಜರಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಕೆಂಪು ಗೆರೆಯವರೆಗೆ ಕಾಯದೆ ಮೊದಲ ಖಾಲಿ ವಾರದಲ್ಲೇ ಬಾಗಿಲು ತಟ್ಟಬೇಕು ಎಂಬುದು ಇದರ ತಿರುಳು.

ಹರೆಯದ ಮಕ್ಕಳಿಗೆ

ಎಂಟನೆಯದಾದ ಮೇಲೆ ಬಿಡುವವರ ಸಮಸ್ಯೆ ಬೇರೆ. ಎಸ್.ಎಸ್.ಎಲ್.ಸಿ.ಯಲ್ಲಿ ಎರಡು ವಿಷಯ ಹೋಯಿತೆಂದು ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಸೇರಿದವರು ನಿಮ್ಮ ಬೀದಿಯಲ್ಲೂ ಇರಬಹುದು. ಇಂಥವರಿಗೆ ಮುಕ್ತ ಶಾಲೆ ಒಂದು ದಾರಿ. 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲೆ ಈಗ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಾಗಿದೆ. 14 ವರ್ಷ ತುಂಬಿದವರು ಅಲ್ಲಿ ಹತ್ತನೇ ತರಗತಿ ಮಟ್ಟದ ಪರೀಕ್ಷೆಗೆ ನೋಂದಾಯಿಸಬಹುದು. ಒಂದೊಂದೇ ವಿಷಯವನ್ನು ಕಟ್ಟಿ ಪಾಸಾಗಬಹುದು. ಪಾಸಾದ ವಿಷಯ ಖಾತೆಯಲ್ಲಿ ಉಳಿಯುತ್ತದೆ. ಐದು ವರ್ಷದ ಅವಧಿಯಲ್ಲಿ ಒಂಬತ್ತು ಅವಕಾಶಗಳಿವೆ. ಇಲ್ಲಿಯೂ ತತ್ವ ಏಣಿಯದೇ. ಹತ್ತಿದ ಮೆಟ್ಟಿಲು ಹತ್ತಿದಂತೆಯೇ. ಎಲ್ಲ ವಿಷಯವನ್ನೂ ಮೊದಲಿನಿಂದ ಮಾಡಬೇಕಿಲ್ಲ.

ಆದರೆ ಪುಸ್ತಕ ಕೈಗೆ ಕೊಟ್ಟ ಮಾತ್ರಕ್ಕೆ ಇದು ನಡೆಯುವುದಿಲ್ಲ. ಹಗಲೆಲ್ಲ ದುಡಿದು ಬಂದ ಹುಡುಗನಿಗೆ ಸಂಜೆ ಎರಡು ಗಂಟೆ ಜೊತೆಗೆ ಕೂರುವವರು ಬೇಕು. ವಾರಕ್ಕೊಮ್ಮೆ ‘ಎಲ್ಲಿಗೆ ಬಂತು?’ ಎಂದು ಕೇಳುವ ಒಬ್ಬರು ಬೇಕು. ಪರ್ಯಾಯ ಶಾಲೆಗಳ ಅನುಭವದಲ್ಲಿ ಇದೇ ಎದ್ದು ಕಾಣುವ ಪಾಠ. ಮಗುವಿನ ಹೆಸರು ಹಿಡಿದು ಕರೆಯುವ, ಬಾರದಿದ್ದರೆ ಮನೆಗೆ ಹೋಗಿ ವಿಚಾರಿಸುವ ಒಬ್ಬ ಹಿರಿಯರಿಲ್ಲದೆ ಕಾರ್ಡು, ಏಣಿ, ಕಾನೂನು ಯಾವುದೂ ನಡೆಯುವುದಿಲ್ಲ.

ಮಿತಿಗಳೂ ಇವೆ

ಇದರಿಂದ ಎಲ್ಲ ಸರಿಹೋಯಿತೆಂದು ಹೇಳಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಕೋಟೆಯ ಶಿಕ್ಷಕರು ತಾವೇ ಬರೆದ ಕಾರ್ಡಿನಲ್ಲಿ ಇದ್ದ ಉತ್ಸಾಹ, ಮೇಲಿನಿಂದ ಕಟ್ಟಾಗಿ ಬಂದ ಕಾರ್ಡಿನಲ್ಲಿ ಇರಬೇಕೆಂದಿಲ್ಲ. ಕಾರ್ಡು ಹರಿದರೆ, ಕಳೆದರೆ ಏಣಿಯ ಮೆಟ್ಟಿಲೇ ಮುರಿದಂತೆ. ದಾಖಲೆ ಬರೆಯುವ ಹೊರೆ ಹೆಚ್ಚಾದರೆ ಮಗುವಿನ ಬಳಿ ಕೂರುವ ಹೊತ್ತು ಕಡಿಮೆಯಾಗುತ್ತದೆ. ಕೆಳ ತರಗತಿಗಳಲ್ಲಿ ಏಣಿ ಹತ್ತಿ ಬಂದ ಮಗು ಮೇಲಿನ ತರಗತಿಯಲ್ಲಿ ಮತ್ತೆ ಒಂದೇ ಪುಸ್ತಕ, ಒಂದೇ ವೇಗದ ವ್ಯವಸ್ಥೆಗೆ ಬಂದು ಬೀಳುತ್ತದೆ.

ಇನ್ನೊಂದು ಗೊಂದಲವನ್ನೂ ಬಿಡಿಸಿಕೊಳ್ಳಬೇಕು. ಮಗುವನ್ನು ನಪಾಸು ಮಾಡದಿರುವುದೂ ಕಲಿಸದೆ ಮುಂದಕ್ಕೆ ತಳ್ಳುವುದೂ ಒಂದೇ ಅಲ್ಲ. ಮೊದಲನೆಯದರಲ್ಲಿ ಮಗು ತನ್ನ ಮೆಟ್ಟಿಲಲ್ಲಿ ನಿಂತು ಕಲಿಯುತ್ತದೆ. ಎರಡನೆಯದರಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಮಗು ಒಳಗೊಳಗೇ ಶಾಲೆ ಬಿಟ್ಟಿರುತ್ತದೆ. ಅನುತ್ತೀರ್ಣಗೊಳಿಸಬಾರದು ಎಂಬ ನಿಯಮವನ್ನು 2019ರಲ್ಲಿ ತಿದ್ದಿ, ಐದು ಮತ್ತು ಎಂಟನೇ ತರಗತಿಗಳ ವಿಷಯದಲ್ಲಿ ರಾಜ್ಯಗಳಿಗೆ ಅಧಿಕಾರ ಕೊಟ್ಟಿದ್ದಾರೆ. ನಿಯಮ ಯಾವುದೇ ಇರಲಿ, ಕಳಚಿದ ಕೊಂಡಿಯನ್ನು ಯಾರು, ಯಾವಾಗ ಜೋಡಿಸುತ್ತಾರೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಕೋವಿಡ್ ಕಾಲದಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಮಾದೇವಿಯ ಸ್ಥಿತಿಗೆ ಬಂದಿದ್ದರು ಎಂಬುದನ್ನು ನೆನೆಯಬೇಕು. 2020ರಲ್ಲಿ ಶಾಲೆ ಮುಚ್ಚಿದಾಗ ‘ವಿದ್ಯಾಗಮ’ದ ಶಿಕ್ಷಕರು ದೇವಸ್ಥಾನದ ಜಗಲಿ, ಮರದ ನೆರಳಲ್ಲಿ ಪಾಠ ಹೇಳಿದರು. 2022–23ನ್ನು ರಾಜ್ಯವು ‘ಕಲಿಕಾ ಚೇತರಿಕೆ’ಯ ವರ್ಷವೆಂದು ಕರೆದು ಹಿಂದಿನ ತರಗತಿಗಳ ಪಾಠವನ್ನು ಮತ್ತೆ ಕಲಿಸಲು ಮುಂದಾಯಿತು. ಎಲ್ಲರ ಮಕ್ಕಳೂ ಹಿಂದುಳಿದಾಗ ಹಿಂದಿನ ಮೆಟ್ಟಿಲಿಗೆ ಇಳಿಯುವುದು ನಮಗೆ ಸಹಜವೆನಿಸಿತು. ಒಬ್ಬ ಕೂಲಿಕಾರನ ಮಗಳು ಹಿಂದುಳಿದಾಗಲೂ ಅಷ್ಟೇ ಸಹಜವೆನಿಸಬೇಕು.

ನೀವೇನು ಮಾಡಬಹುದು?

ನೀವು ಶಿಕ್ಷಕರಾಗಿದ್ದರೆ, ತಿಂಗಳ ಕೊನೆಗೆ ಹಾಜರಿಯ ಮೊತ್ತ ಹಾಕುವಾಗ ಗೈರಿನ ಮಾದರಿಯನ್ನೂ ನೋಡಿ. ವಾರದ ಯಾವ ದಿನ? ಯಾವ ಪಾಠ ನಡೆಯುತ್ತಿದ್ದಾಗ? ಮರಳಿ ಬಂದ ಮಗುವಿಗೆ ಮೊದಲ ದಿನ ‘ಇಷ್ಟು ದಿನ ಎಲ್ಲಿ ಹೋಗಿದ್ದೆ?’ ಎನ್ನುವ ಬದಲು ‘ಬಂದೆಯಲ್ಲ, ಬಾ ಕೂತುಕೋ’ ಎನ್ನಿ. ಆಮೇಲೆ ಅದು ಎಲ್ಲಿ ನಿಂತಿತ್ತೋ ಅಲ್ಲಿಂದ ಹಿಡಿಯಿರಿ.

ನೀವು ಪಾಲಕರಾಗಿದ್ದರೆ, ಮಗು ಬೆಳಗ್ಗೆ ಹೊಟ್ಟೆನೋವು ಎಂದಾಗ ಅದು ಯಾವ ವಿಷಯದ ದಿನ ಎಂದು ಒಮ್ಮೆ ಯೋಚಿಸಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ಹೋಗಿ. ಅಲ್ಲಿ ಸುಣ್ಣಬಣ್ಣದ ಮಾತು ಮುಗಿದ ಮೇಲೆ ‘ಈ ತಿಂಗಳು ಯಾರು ಬರುತ್ತಿಲ್ಲ?’ ಎಂದು ಕೇಳಿ. ಆ ಒಂದು ಪ್ರಶ್ನೆಯಿಂದ ಒಂದು ಮಗು ಉಳಿದೀತು.

ನೀವು ಇವೆರಡೂ ಅಲ್ಲದಿದ್ದರೆ, ನಿಮ್ಮ ಓಣಿಯ ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನ ವಯಸ್ಸು ಕೇಳಿ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ಇಟ್ಟುಕೊಳ್ಳುವುದು ಅಪರಾಧ. ಶಾಲೆಯ ಹೊತ್ತಿನ ಆಚೆ ಮನೆಯವರ ಕೆಲಸಕ್ಕೆ ಕೈಜೋಡಿಸುವುದು, ನಿಯಮಕ್ಕೆ ಒಳಪಟ್ಟು ಬಾಲಕಲಾವಿದರಾಗಿ ದುಡಿಯುವುದು ಮಾತ್ರ ಇದಕ್ಕೆ ಹೊರತು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಹಣ ಬೇಕಿಲ್ಲ.

ನನ್ನ ಗೆಳೆಯನನ್ನು ಕೆಲವು ವರ್ಷಗಳ ಹಿಂದೆ ಊರ ಜಾತ್ರೆಯಲ್ಲಿ ಕಂಡೆ. ಮಗಳು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ ಎಂದು ಹೇಳಿದ. ನಾನು ಆ ದಿನದ ಬೋರ್ಡಿನ ಮಾತನ್ನು ಎತ್ತಲೋ ಬೇಡವೋ ಎಂದು ಹಿಂಜರಿಯುತ್ತಿದ್ದಾಗ ಅವನೇ ಹೇಳಿದ: ‘ಅವಳ ಭಿನ್ನರಾಶಿ ಪುಸ್ತಕಾನ ನಾನೂ ಒಂದ್ಸಲ ತೆಗೆದು ನೋಡ್ದೆ ಕಣೋ. ರೊಟ್ಟಿ ಹಂಚೋ ಲೆಕ್ಕ ಅಷ್ಟೇ ಅಲ್ವಾ? ಅವತ್ತು ಯಾರಾದ್ರೂ ಹಂಗಂತ ಹೇಳಿದ್ರೆ ಆಗೋದು.’

ಅವನಿಗೆ ಅವತ್ತು ಬೇಕಾಗಿದ್ದದ್ದು ಅಷ್ಟೇ. ನಿಮ್ಮ ಊರಿನ ಶಾಲೆಯಲ್ಲಿ ಅದನ್ನು ಹೇಳುವವರು ಯಾರಿದ್ದಾರೆ, ಹೇಗೆ ಹೇಳುತ್ತಿದ್ದಾರೆ ಎಂಬುದನ್ನು ನಮಗೆ ಬರೆದು ತಿಳಿಸಿ. ಮುಂದಿನ ಸಂವಾದದಲ್ಲಿ ಆ ಮಾತುಗಳನ್ನೇ ಮುಂದಿಟ್ಟುಕೊಂಡು ಚರ್ಚಿಸೋಣ.